ಹದಿನಾಲ್ಕರಲ್ಲಿ ಐದು ಹೋದರೆ: ಬೆಟಗೇರಿಯ ಹುಡುಗನೊಬ್ಬ ಕಲಿತ ಭಯ

ಮನೆಯಲ್ಲಿ ಅವನನ್ನು ಎಲ್ಲರೂ ಸಣ್ಯಾ ಅಂತಾರೆ. ಇಲ್ಲೂ ಹಾಗೇ ಕರೆಯೋಣ. ಇದು ನಡೆದಾಗ ವಯಸ್ಸು ಏಳೂವರೆ, ಎರಡನೇ ಕ್ಲಾಸು. ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ಅಪ್ಪ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಾರೆ, ಅವ್ವ ಮನೆಯಲ್ಲೇ ಬ್ಲೌಸು ಹೊಲಿಯುತ್ತಾರೆ. ಅಪ್ಪನ ತಾಯಿ, ಅಂದರೆ ಆಯಿ, ಜೊತೆಗಿದ್ದಾರೆ. ನಾಲ್ಕು ವರ್ಷದ ತಂಗಿ ಇದ್ದಾಳೆ. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.

ಮಾರ್ಚ್ ತಿಂಗಳಲ್ಲಿ ಅವ್ವ ಅವನನ್ನು ನನ್ನ ಹತ್ತಿರ ಕರೆದುಕೊಂಡು ಬಂದಾಗ ಹೇಳಿದ್ದು ಇಷ್ಟೇ: "ನಾಯಿ ಅಂಜಿಕಿ ರೀ ಮೇಡಂ. ಸಾಲಿಗಿ ಹೋಗವಲ್ಲ." ಮಕ್ಕಳ ಆಪ್ತ ಸಮಾಲೋಚನೆ ಮಾಡುವವರಿಗೆ ಇದು ಹೊಸದೇನಲ್ಲ. ಈ ಪ್ರಕರಣವನ್ನು ಬಿಡಿಸಿ ಬರೆಯಲು ಕಾರಣ ಬೇರೆ ಇದೆ. ಹುಡುಗನಿಗೆ ನಾಯಿ ಕಲಿಸಿದ ಪಾಠ ಸಣ್ಣದು. ಉಳಿದದ್ದನ್ನೆಲ್ಲ ನಾಯಿ ಕಚ್ಚಿದ ಮೇಲೆ ಮನೆಯೇ ಕಲಿಸಿತು. ಅದೂ ಪ್ರೀತಿಯಿಂದ.

ಕೈಗಾಡಿಯ ಕೆಳಗೆ

ಸಂಕ್ರಾಂತಿ ಮುಗಿದ ವಾರ. ಓಣಿಯ ತುದಿಯಲ್ಲಿ ಯಾವಾಗಲೂ ಒಂದು ಕೈಗಾಡಿ ನಿಂತಿರುತ್ತದೆ. ಅದರ ಕೆಳಗೆ ಒಂದು ಕಂದು ನಾಯಿ ಮರಿ ಹಾಕಿತ್ತು. ಅಲ್ಲಿ ಆಡಬ್ಯಾಡ್ರಿ ಅಂತ ಅಪ್ಪ ಅವತ್ತು ಬೆಳಿಗ್ಗೆಯೇ ಹೇಳಿದ್ದರು. ಸಂಜೆ ಕ್ರಿಕೆಟ್ ಆಡುವಾಗ ಚೆಂಡು ಗಾಡಿ ಕೆಳಗೇ ಹೋಯಿತು. ತರಲು ಬಗ್ಗಿದವನು ಸಣ್ಯಾ. ತಾಯಿನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಹಲ್ಲು ಊರಿ ರಕ್ತ ಬಂತು.

ಆಮೇಲೆ ನಡೆದದ್ದು ನಮ್ಮ ಎಲ್ಲ ಓಣಿಗಳಲ್ಲೂ ನಡೆಯುವಂಥದ್ದೇ. ಆಯಿ ಸುಣ್ಣ-ಅರಿಶಿಣ ಕಲಸಿ ತಂದರು. ಪಕ್ಕದ ಮನೆಯವರು ಖಾರಪುಡಿ ಹಚ್ಚಿ ಅಂದರು. ಪುಣ್ಯಕ್ಕೆ ಎದುರು ಮನೆಯ ಕಾಲೇಜು ಹುಡುಗ ಇಬ್ಬರನ್ನೂ ಸರಿಸಿ, ಕಾಲನ್ನು ನಳದ ಕೆಳಗೆ ಹಿಡಿದು, ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದ. ಸರಿಯಾದ ಕ್ರಮ ಅದೇ. ದೊಡ್ಡ ಆಸ್ಪತ್ರೆಯಲ್ಲಿ ಗಾಯದ ಸುತ್ತ, ಹುಚ್ಚುನಾಯಿ ರೋಗಕ್ಕೆ ತಕ್ಷಣ ತಡೆ ಕೊಡುವ ಸೀರಮ್ ಚುಚ್ಚಿದರು. ತೋಳಿಗೆ ಲಸಿಕೆಯೂ ಶುರುವಾಯಿತು. ಮೊದಲ ದಿನ, ಆಮೇಲೆ 3, 7, 14 ಮತ್ತು 28ನೇ ದಿನ. ಅವ್ವ ಒಂದೂ ತಪ್ಪಿಸಲಿಲ್ಲ. ಕಾರ್ಡಿನಲ್ಲಿ ಐದು ತಾರೀಖು, ಐದು ಸಹಿ ಇವೆ. ಫೆಬ್ರುವರಿಯಲ್ಲಿ ಚಿಕಿತ್ಸೆ ಮುಗಿಯಿತು, ಗಾಯವೂ ಒಣಗಿತು.

ಭಯ ಮಾತ್ರ ಆಮೇಲೆ ಜಾಸ್ತಿ ಆಗುತ್ತಾ ಹೋಯಿತು. ಮೊದಲು ಆ ಕಂದು ನಾಯಿ. ಆಮೇಲೆ ಯಾವ ನಾಯಿ ಕಂಡರೂ ಅಷ್ಟೇ. ಆಮೇಲೆ ದೂರದಲ್ಲಿ ಬೊಗಳುವ ಸದ್ದು. ಕೊನೆಗೆ ತರಕಾರಿ ಮಾರುವ ಕೈಗಾಡಿ ಓಣಿಗೆ ಬಂದರೂ ಹುಡುಗ ಒಳಗೆ ಓಡುತ್ತಿದ್ದ. ಬೆಳಿಗ್ಗೆ ಸಾಲಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ರಾತ್ರಿ ಎರಡು ಮೂರು ಸಲ ಏಳುವುದು.

ಪುಸ್ತಕದ ಉತ್ತರ

ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದಿದ ಯಾರಿಗಾದರೂ ಇದು ಗೊತ್ತಿರುವ ಕಥೆ. ರಷ್ಯಾದ ಪಾವ್ಲೋವ್ ಜೀರ್ಣಕ್ರಿಯೆ ಮೇಲೆ ಕೆಲಸ ಮಾಡಿ 1904ರಲ್ಲಿ ನೊಬೆಲ್ ಪಡೆದವರು. ಅವರ ಲ್ಯಾಬಿನ ನಾಯಿಗಳು ಊಟ ಬರುವ ಮೊದಲೇ, ಊಟದ ಸುಳಿವು ಸಿಕ್ಕ ಕೂಡಲೇ ಜೊಲ್ಲು ಸುರಿಸುತ್ತಿದ್ದವು. ಎರಡು ಸಂಗತಿ ಒಟ್ಟೊಟ್ಟಿಗೆ ಬಂದರೆ ಒಂದು ಇನ್ನೊಂದರ ಸೂಚನೆ ಆಗಿಬಿಡುತ್ತದೆ. ಇದೇ ಶಾಸ್ತ್ರೀಯ ಅನುಬಂಧನ. ಸಣ್ಯಾನ ಮಟ್ಟಿಗೆ ನೋವು ಸಹಜವಾಗಿ ಹೆದರಿಸಿತು. ನೋವಿನ ಜೊತೆಗೆ ಬಂದ ನಾಯಿ, ಗಾಡಿ, ಓಣಿಯ ಮೂಲೆ ಎಲ್ಲವೂ ಹೆದರಿಸಲು ಕಲಿತವು.

ಭಯ ಒಂದರಿಂದ ಇನ್ನೊಂದಕ್ಕೆ ಹರಡುವುದಕ್ಕೂ ಪುಸ್ತಕದಲ್ಲಿ ಉತ್ತರ ಇದೆ. 1920ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ವ್ಯಾಟ್ಸನ್ ಮತ್ತು ರೇನರ್ ಒಂದು ಪ್ರಯೋಗ ಪ್ರಕಟಿಸಿದರು. ಆಲ್ಬರ್ಟ್ ಅನ್ನುವ ಹನ್ನೊಂದು ತಿಂಗಳ ಕೂಸು ಬಿಳಿ ಇಲಿಯನ್ನು ಮುಟ್ಟಲು ಹೋದಾಗ ಅದರ ಬೆನ್ನ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಕೆಲವು ಸಲ ಹೀಗಾದ ಮೇಲೆ ಇಲಿ ಕಂಡರೇ ಕೂಸು ಅಳತೊಡಗಿತು. ಆಮೇಲೆ ಮೊಲಕ್ಕೆ, ನಾಯಿಗೆ, ತುಪ್ಪಳದ ಕೋಟಿಗೂ. ಆ ಭಯವನ್ನು ತೆಗೆಯುವ ಕೆಲಸವನ್ನು ಅವರು ಮಾಡಲೇ ಇಲ್ಲ, ಅಷ್ಟರಲ್ಲಿ ಮಗು ಆಸ್ಪತ್ರೆ ಬಿಟ್ಟು ಹೋಗಿತ್ತು. ಪರೀಕ್ಷೆಗೆ ನಾವೆಲ್ಲ ಇದನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಇವತ್ತು ಯಾರಾದರೂ ಹೀಗೆ ಮಾಡಿದರೆ ಪೊಲೀಸ್ ಕೇಸ್ ಆಗುತ್ತದೆ, ಅಲ್ವಾ?

ಕೈಗಾಡಿ, ಬೊಗಳುವ ಸದ್ದು, ಓಣಿ — ಇವಕ್ಕೆಲ್ಲ ಈ ಉತ್ತರ ಸಾಕು. ಆದರೆ ನಾಯಿ ಕಚ್ಚಿಸಿಕೊಂಡ ಮಕ್ಕಳೆಲ್ಲ ಹೀಗಾಗುವುದಿಲ್ಲ. ಅದೇ ಓಣಿಯಲ್ಲಿ ಹಿಂದಿನ ವರ್ಷ ಇನ್ನೊಬ್ಬನಿಗೆ ಕಚ್ಚಿತ್ತು. ಅವನು ಎರಡು ದಿನ ಕುಂಟಿ ಮತ್ತೆ ಆಟಕ್ಕೆ ಬಂದ. ಹಾಗಾದರೆ ಇಲ್ಲಿ ಬೇರೆ ಏನೋ ಸೇರಿದೆ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ರಾಕ್ಮನ್ 1977ರಲ್ಲಿ ಭಯಕ್ಕೆ ಮೂರು ದಾರಿ ಹೇಳಿದರು: ತನಗೇ ಆದ ಅನುಭವ, ಇನ್ನೊಬ್ಬರು ಹೆದರುವುದನ್ನು ನೋಡುವುದು, ಬರೀ ಮಾತು ಕೇಳುವುದು. ಮೂರನೆಯದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ದೊಡ್ಡವರು ಮಾತಾಡುವಾಗ ಮಕ್ಕಳು ಮೂಲೆಯಲ್ಲಿ ಆಡುತ್ತಿರುತ್ತಾರೆ, ಅವರಿಗೇನು ಗೊತ್ತಾಗುತ್ತದೆ ಅಂದುಕೊಂಡಿರುತ್ತೇವೆ.

ತುಂಬಿ ಬರುವ ಬಾಟಲಿ

ಸುಳಿವು ಸಿಕ್ಕಿದ್ದು ಸಾಲಿಯಿಂದ. ಅವನು ಹೋದ ಕೆಲವೇ ದಿನಗಳಲ್ಲಿ ಕ್ಲಾಸ್ ಟೀಚರ್ ಒಂದು ಸಂಗತಿ ಗಮನಿಸಿದ್ದರು. ಡೈರಿಯಲ್ಲಿ ಬರೆದು ಕಳಿಸಿದ್ದರು: ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಹೋಗುತ್ತಿದೆ. ಅವ್ವನನ್ನು ಕೇಳಿದೆ. ಹೌದು, ಮನೆಯಲ್ಲೂ ಗದರಿಸಿ ಕುಡಿಸಬೇಕು, ಜಳಕಕ್ಕೂ ದಿನಾ ರಂಪ ಅಂದರು. ಬೇಸಿಗೆ ಶುರುವಾಗಿತ್ತು, ಉರಿಮೂತ್ರವೂ ಆಗಿತ್ತು. "ನಾಯಿ ಅಂಜಿಕಿಗೂ ಇದಕ್ಕೂ ಏನ ಸಂಬಂಧ ಅಂತ ನಾ ಹೇಳಲಿಲ್ರಿ" ಅಂದರು.

ಮೊದಲು ಮಕ್ಕಳ ಡಾಕ್ಟರ್ ಹತ್ತಿರ ಕಳಿಸಿದೆ. ಇಂಥದ್ದರಲ್ಲಿ ಮೈ ಪರೀಕ್ಷೆ ಮೊದಲು, ಮನಸ್ಸಿನ ಮಾತು ಆಮೇಲೆ. ಗಂಟಲು, ತೂಕ, ನರಗಳು ಎಲ್ಲ ಸರಿಯಿವೆ, ನೀರು ಸಾಲುತ್ತಿಲ್ಲ ಅಷ್ಟೇ ಅಂತ ಬರೆದು ಕೊಟ್ಟರು.

ಮುಂದಿನ ಸಲ ಬಂದಾಗ ಮೇಜಿನ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ನೀರು ಇಟ್ಟು, ಕುಡಿ ಅನ್ನದೆ ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ಅವನೇ ಎತ್ತಿದ. ಒಂದು ಗುಟುಕು ಬಾಯಿಗೆ ಹಾಕಿಕೊಂಡ. ನುಂಗಲಿಲ್ಲ. ಎರಡು ಬೆರಳು ಗಂಟಲ ಮೇಲೆ ಇಟ್ಟುಕೊಂಡ. ಕಣ್ಣು ಮುಚ್ಚಿ ನುಂಗಿದ. ಬೆರಳು ತೆಗೆಯದೆ ಇನ್ನೊಂದು ಸಲ ಬರೀ ಉಗುಳು ನುಂಗಿದ. ಮತ್ತೊಂದು ಸಲ. ಮುಖ ಬಿಳುಚಿಕೊಂಡಿತು. ಲೋಟ ಕೆಳಗಿಟ್ಟ.

"ಏನ್ ನೋಡಿದಿ?"

"ಹೊಕ್ಕೈತೋ ಇಲ್ಲೋ ಅಂತ."

"ಹೊಕ್ಕಿತಾ?"

"ಮೊದಲ ಹೊಕ್ಕಿತು. ಆಮ್ಯಾಲೆ ಗಂಟಲ ಹಿಡದಂಗ ಆತು."

ಹುಚ್ಚುನಾಯಿ ರೋಗ ಬಂದವರು ನೀರು ಕಂಡರೆ ಹೆದರುತ್ತಾರೆ, ನುಂಗಲು ಆಗುವುದಿಲ್ಲ, ನಾಯಿಯ ಹಾಗೆ ಬೊಗಳಿ ಸಾಯುತ್ತಾರೆ ಅಂತ ಅವನು ಕೇಳಿದ್ದ. ಆಯಿ ಯಾರೋ ಸಂಬಂಧಿಕರ ಕಥೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದಾಗ, ಇವನು ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡು ಅದೇ ಪಡಸಾಲೆಯಲ್ಲಿ ಮಲಗಿದ್ದ. ನೀರು ನುಂಗಲು ಆಗದಿರುವುದು ಆ ರೋಗದಲ್ಲಿ ನಿಜ. ಬೊಗಳುವುದು ಜನರ ಮಾತು. ಅವನಿಗೆ ಎರಡೂ ಒಂದೇ ತೂಕ.

ಹಾಗಾಗಿ ದಿನಾ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ರೋಗ ಬಂದಿದೆಯೋ ಇಲ್ಲವೋ, ನೀರು ನುಂಗಿ ನೋಡುವುದು. ರಾತ್ರಿ ಎದ್ದು ಉಗುಳು ನುಂಗಿ ನೋಡುವುದು. ಇಲ್ಲೇ ಇರುವುದು ತೊಡಕು. ಭಯಪಟ್ಟಾಗ ಬಾಯಿ ಒಣಗುತ್ತದೆ, ಗಂಟಲ ಸ್ನಾಯು ಬಿಗಿಯುತ್ತದೆ. ಅದರ ಮೇಲೆ ಮೇಲಿಂದ ಮೇಲೆ ಬರೀ ಉಗುಳು ನುಂಗಿದರೆ ಎಂಥವರಿಗೂ ಆಗುವುದಿಲ್ಲ, ಯಾಕೆಂದರೆ ನುಂಗಲು ಉಗುಳೇ ಉಳಿದಿರುವುದಿಲ್ಲ. ಪರೀಕ್ಷೆಯೇ ಲಕ್ಷಣವನ್ನು ಹುಟ್ಟಿಸುತ್ತಿತ್ತು. ಲಕ್ಷಣ ಕಂಡು ಭಯ. ಭಯಕ್ಕೆ ಮತ್ತೆ ಪರೀಕ್ಷೆ.

ಹದಿನಾಲ್ಕರ ಲೆಕ್ಕ

ಇಂಜೆಕ್ಷನ್ ಎಲ್ಲ ಆಗಿದೆಯಲ್ಲ, ಇನ್ನೇನು ಭಯ ಅಂತ ಕೇಳಿದೆ. ತಲೆ ಅಲ್ಲಾಡಿಸಿದ.

"ಹದಿನಾಲ್ಕು ಬೇಕ್ರಿ. ಐದ ಆಗ್ಯಾವ. ಇನ್ನಾ ಒಂಬತ್ತು ಬಾಕಿ ಅದಾವ."

ಅವ್ವ ಬೆಚ್ಚಿಬಿದ್ದರು. "ಯಾರ ಹೇಳ್ಯಾರಲೇ ನಿನಗ?" ಅಂದರು. ಹೇಳಿದವರು ಆಯಿಯೇ. ನಾಯಿ ಕಡಿದರೆ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ, ಒಂದು ತಪ್ಪಿದರೂ ಹೋದಹಾಗೇ ಅಂತ. ಆಯಿ ಸುಳ್ಳು ಹೇಳಿರಲಿಲ್ಲ. ಅವರ ಕಾಲದಲ್ಲಿ ಇದ್ದದ್ದು ಹಾಗೇ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಸೆಂಪಲ್ ಲಸಿಕೆಯನ್ನು ಹೊಟ್ಟೆಯ ಮೇಲೆ ದಿನಕ್ಕೊಂದರ ಹಾಗೆ ಕೊಡುತ್ತಿದ್ದರು. ಭಾರತದಲ್ಲಿ 2005ರ ಹೊತ್ತಿಗೆ ಅದನ್ನು ನಿಲ್ಲಿಸಿ, ಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆಗೆ ಬಂದರು. ಲಸಿಕೆ ಬದಲಾಯಿತು, ಓಣಿಯ ಮಾತು ಬದಲಾಗಲಿಲ್ಲ.

ಗಾಯದ ಸುತ್ತ ಕೊಟ್ಟ ಸೀರಮ್ ಚುಚ್ಚುಗಳು ಅವನ ಲೆಕ್ಕದಲ್ಲಿ ಇರಲಿಲ್ಲ. ಅವತ್ತು ಅಳುತ್ತಿದ್ದ, ಎಣಿಸಿರಲಿಲ್ಲ. ತೋಳಿನವು ಐದು ಮಾತ್ರ. ಕಳೆಯುವ ಲೆಕ್ಕ ಎರಡನೇ ಕ್ಲಾಸಿನಲ್ಲಿ ಅದೇ ತಾನೇ ಗಟ್ಟಿಯಾಗಿತ್ತು.

ಈ ವಯಸ್ಸಿನ ವಿಚಾರ ಮಾಡುವ ರೀತಿ ಇಲ್ಲಿ ಎದ್ದು ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಸುಮಾರು ಏಳರಿಂದ ಹನ್ನೊಂದು ವರ್ಷವನ್ನು ಮೂರ್ತ ಕಾರ್ಯಗಳ ಹಂತ ಅಂದರು. ಕಣ್ಣೆದುರು ಇರುವ, ಎಣಿಸಬಹುದಾದ ಸಂಗತಿ ಸಿಕ್ಕರೆ ಮಗು ಸರಿಯಾಗಿ ತರ್ಕ ಮಾಡುತ್ತದೆ. ಸಣ್ಯಾನ ತರ್ಕದಲ್ಲಿ ತಪ್ಪೇ ಇಲ್ಲ. ಕೊಟ್ಟ ಸಂಖ್ಯೆ ತಪ್ಪು. "ಆಯಿ ಹೇಳಿದ್ದು ಹಳೇ ಕಾಲದ ಲಸಿಕೆ ಇರಬಹುದಾ" ಅಂತ ಅನುಮಾನಿಸಲು ಬೇಕಾದ ತಿಳಿವಳಿಕೆ ಏಳೂವರೆ ವರ್ಷಕ್ಕೆ ಎಲ್ಲಿಂದ ಬರಬೇಕು?

ಇನ್ನೂ ಒಂದು ಇತ್ತು. ಅದು ಹೊರಬರಲು ಸ್ವಲ್ಪ ದಿನ ಹಿಡಿಯಿತು. "ಅಪ್ಪ ಬ್ಯಾಡ ಅಂದಿದ್ದಾ. ನಾ ಹೋದೆ. ಅದಕ್ಕ ಕಡೀತು." ತಪ್ಪು ಮಾಡಿದರೆ ಶಿಕ್ಷೆ ತಾನಾಗಿಯೇ ಬಂದು ತಗಲುತ್ತದೆ ಅನ್ನುವ ನಂಬಿಕೆ ಸಣ್ಣ ಮಕ್ಕಳಲ್ಲಿ ಸಾಮಾನ್ಯ. ಮಕ್ಕಳ ನೈತಿಕ ತೀರ್ಮಾನಗಳ ಮೇಲೆ ಪಿಯಾಜೆ 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಕದ್ದು ಓಡಿದ ಹುಡುಗನ ಕಾಲ ಕೆಳಗೆ ಸೇತುವೆ ಮುರಿದರೆ, ಕದ್ದಿದ್ದಕ್ಕೇ ಮುರಿಯಿತು ಅಂತ ಸಣ್ಣವರು ಹೇಳುತ್ತಾರೆ. ದೊಡ್ಡವರಾದ ಹಾಗೆ ಈ ಮಾತು ಕಡಿಮೆ ಆಗುತ್ತದೆ. ನಮ್ಮಲ್ಲಿ ಕೆಲವರಿಗೆ ಐವತ್ತಾದರೂ ಹೋಗಿರುವುದಿಲ್ಲ, ಆ ಮಾತು ಬೇರೆ. ಸಣ್ಯಾನ ಪ್ರಕಾರ ಕಚ್ಚಿದ್ದು ಶಿಕ್ಷೆಯ ಮೊದಲ ಕಂತು, ರೋಗ ಎರಡನೆಯದು. ಅದಕ್ಕೇ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತಿತ್ತು.

ಭಯಕ್ಕೆ ದಿನಾ ಊಟ ಹಾಕಿದವರು

ಭಯ ಹುಟ್ಟಿದ್ದು ಹೇಗೆ ಅನ್ನುವುದು ಒಂದು ಪ್ರಶ್ನೆ. ಅದು ಎರಡು ತಿಂಗಳು ಉಳಿದದ್ದು ಹೇಗೆ ಅನ್ನುವುದು ಇನ್ನೊಂದು. ಕೆಲಸಕ್ಕೆ ಬರುವುದು ಎರಡನೆಯದೇ, ಯಾಕೆಂದರೆ ಬದಲಾಯಿಸಲು ಆಗುವುದು ಅದನ್ನೇ.

ಒಂದು ಬೆಳಗಿನ ಚಿತ್ರ ಕೊಡುತ್ತೇನೆ. ಎಂಟೂವರೆಗೆ ಅವ್ವ ಬ್ಯಾಗು ಹೆಗಲಿಗೆ ಹಾಕುತ್ತಾರೆ. ಸಣ್ಯಾ ಬಾಗಿಲ ತನಕ ಬರುತ್ತಾನೆ. ಗಾಡಿ ಕಾಣುತ್ತದೆ. ಹೊಟ್ಟೆ ಹಿಡಿದುಕೊಂಡು ಅಳುತ್ತಾನೆ. ಅಪ್ಪ ಗದರುತ್ತಾರೆ, "ಗಂಡಸ ಮಗಾ ಆಗಿ ನಾಯಿಗೆ ಅಂಜತಿಯೇನಲೇ?" ಅಳು ಜಾಸ್ತಿ. ಆಯಿ ಬಂದು, "ಇವತ್ತೊಂದಿನ ಬಿಡ್ರಿ, ಕೂಸಿನ ಜೀಂವಾ ತಿನಬ್ಯಾಡ್ರಿ" ಅನ್ನುತ್ತಾರೆ. ಬ್ಯಾಗು ಇಳಿಯುತ್ತದೆ. ಐದು ನಿಮಿಷಕ್ಕೆ ಹೊಟ್ಟೆನೋವು ಹೋಗುತ್ತದೆ. ಒಂಬತ್ತೂವರೆಗೆ ಆಯಿಯ ಮೊಬೈಲಿನಲ್ಲಿ ಕಾರ್ಟೂನು.

ಅಮೆರಿಕದ ಥಾರ್ನ್‌ಡೈಕ್ 1898ರಲ್ಲೇ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ್ದರು. ಯಾವ ಕೆಲಸದಿಂದ ಬಿಡುಗಡೆ ಸಿಕ್ಕಿತೋ ಆ ಕೆಲಸವೇ ಮತ್ತೆ ಮತ್ತೆ ಬರುತ್ತದೆ. ಸ್ಕಿನ್ನರ್ ಮುಂದೆ ಇದನ್ನು ಬೆಳೆಸಿದರು. ಫಲ ಸಿಕ್ಕು ನಡವಳಿಕೆ ಗಟ್ಟಿಯಾಗುವುದಕ್ಕೆ ಪುನರ್ಬಲನ ಅನ್ನುತ್ತಾರೆ. ಕಾರ್ಟೂನು ಸಿಗುವುದು ಧನಾತ್ಮಕ ಪುನರ್ಬಲನ. ಭಯ ತಪ್ಪುವುದು ಋಣಾತ್ಮಕ ಪುನರ್ಬಲನ. ಋಣಾತ್ಮಕ ಅಂದ ಕೂಡಲೇ ಶಿಕ್ಷೆ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಇಲ್ಲಿ ನೋಡಿ: ಹಿಂಸೆ ಅನ್ನಿಸುವುದು ಒಂದು ದೂರ ಆಯಿತು, ಅದರಿಂದ ಅಳುವ ನಡವಳಿಕೆ ಗಟ್ಟಿ ಆಯಿತು. ಶಿಕ್ಷೆ ಯಾರಿಗೂ ಸಿಕ್ಕಿಲ್ಲ. ಎಲ್ಲರಿಗೂ ಸಮಾಧಾನವೇ ಸಿಕ್ಕಿದೆ.

ಎಲ್ಲರಿಗೂ ಅಂದೆ. ಅವ್ವನಿಗೂ ಅಷ್ಟೇ. ಬ್ಯಾಗು ಇಳಿಸಿದ ಕೂಡಲೇ ಅಳು ನಿಂತಿತು, ಹಾಗಾಗಿ ಬ್ಯಾಗು ಇಳಿಸುವುದನ್ನು ಅವ್ವ ಕಲಿತರು. ಮಗ ಅವ್ವನಿಗೆ, ಅವ್ವ ಮಗನಿಗೆ ಕಲಿಸುತ್ತಿದ್ದರು, ಇಬ್ಬರಿಗೂ ಗೊತ್ತಿರಲಿಲ್ಲ.

ಅನುಬಂಧನದಿಂದ ಭಯ ಹುಟ್ಟುತ್ತದೆ, ತಪ್ಪಿಸಿಕೊಳ್ಳುವುದರಿಂದ ಉಳಿಯುತ್ತದೆ ಅಂತ ಮೌರರ್ 1947ರಲ್ಲಿ ಎರಡನ್ನೂ ಸೇರಿಸಿ ಹೇಳಿದರು. ನಾಯಿಯ ಮುಂದೆ ಹಾದು ಹೋಗಿ ಏನೂ ಆಗದಿದ್ದರೆ ತಾನೇ ಏನೂ ಆಗುವುದಿಲ್ಲ ಅಂತ ಕಲಿಯುವುದು? ಹಾದೇ ಹೋಗದವನಿಗೆ ಆ ಪಾಠ ಸಿಗುವುದೇ ಇಲ್ಲ. ಗಂಟಲು ಮುಟ್ಟಿ ನೋಡುವುದೂ ಇದೇ ಜಾತಿಯದು. ಆ ಕ್ಷಣಕ್ಕೆ ನೆಮ್ಮದಿ, ಮರುಕ್ಷಣಕ್ಕೆ ಮತ್ತೆ ಅನುಮಾನ.

ಅಪ್ಪನಿಗೆ ಗೊತ್ತಿದ್ದ ಸುದ್ದಿ

ನಾಯಿಯ ಹತ್ತಿರ ಹೋಗುವ ಮೊದಲು ಸುದ್ದಿ ಸರಿಮಾಡಬೇಕಿತ್ತು. ಸಾಯುತ್ತೇನೆ ಅಂದುಕೊಂಡಿರುವ ಹುಡುಗನಿಗೆ ಧೈರ್ಯ ಕಲಿಸಲು ಹೊರಡುವುದು ವ್ಯರ್ಥ.

ಮಕ್ಕಳ ಡಾಕ್ಟರ್ ದೊಡ್ಡ ಉಪಕಾರ ಮಾಡಿದರು. ಕಾರ್ಡನ್ನು ಅವನ ಕೈಗೇ ಕೊಟ್ಟು, ಒಂದೊಂದು ತಾರೀಖನ್ನೂ ಅವನಿಂದಲೇ ಓದಿಸಿ, ಕೆಳಗೆ ಕೆಂಪು ಪೆನ್ನಿನಲ್ಲಿ "ಮುಗಿಯಿತು" ಅಂತ ಬರೆದು ಸೀಲು ಹಾಕಿದರು. "ಈಗಿನ ಲಸಿಕೆಗೆ ಐದೇ ಪೂರ್ತಿ. ಹದಿನಾಲ್ಕು ನಿಮ್ಮ ಆಯಿ ಸಣ್ಣವರಿದ್ದಾಗಿನ ಲೆಕ್ಕ." ಕಾರ್ಡು ಕೆಲವು ದಿನ ಅವನ ಕಂಪಾಸ್ ಡಬ್ಬಿಯಲ್ಲೇ ಇತ್ತು.

ನಾನು ಜೋಸೆಫ್ ಮೈಸ್ಟರ್ ಕಥೆ ಹೇಳಿದೆ. 1885ರಲ್ಲಿ, ಒಂಬತ್ತು ವರ್ಷದ ಹುಡುಗ, ಫ್ರಾನ್ಸಿನ ಗಡಿ ಕಡೆಯವನು. ಮೈತುಂಬ ನಾಯಿ ಕಚ್ಚಿತ್ತು. ಅವನ ತಾಯಿ ಪ್ಯಾರಿಸಿಗೆ ಕರೆದುಕೊಂಡು ಹೋದರು. ಲೂಯಿ ಪಾಶ್ಚರ್ ತನ್ನ ಹೊಸ ಲಸಿಕೆಯನ್ನು ಅವನಿಗೆ ಕೊಡಿಸಿದರು. ಹುಡುಗ ಉಳಿದ, ದೊಡ್ಡವನಾದ, ಪಾಶ್ಚರ್ ಸಂಸ್ಥೆಯಲ್ಲೇ ಕಾವಲು ಕೆಲಸಕ್ಕೆ ಸೇರಿದ. ಸಣ್ಯಾ ಕೇಳಿದ್ದು ಒಂದೇ: "ಅಂವಗ ಎಷ್ಟ ಸೂಜಿ ಆಗಿದ್ವು?"

ನಿಜವಾದ ತಿರುವು ಬಂದದ್ದು ಅಪ್ಪನಿಂದ. ರೇಬಿಸ್, ಅಂದರೆ ಹುಚ್ಚುನಾಯಿ ರೋಗ, ಇರುವ ನಾಯಿಗೆ ಜಾಸ್ತಿ ದಿನ ಉಳಿಗಾಲ ಇಲ್ಲ. ಕಚ್ಚಿದ ನಾಯಿ ಹತ್ತು ದಿನ ಕಳೆದರೂ ಆರೋಗ್ಯವಾಗಿ ಇದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಅಂತಲೇ ಅರ್ಥ. ಹಾಗಂತ ಹತ್ತು ದಿನ ಕಾದು ಲಸಿಕೆ ಹಾಕಿಸುವುದಲ್ಲ, ಲಸಿಕೆ ಅವತ್ತೇ ಶುರುವಾಗಬೇಕು. ನಾನು ಇದನ್ನು ಹೇಳಿ, ಆ ನಾಯಿ ಏನಾಯಿತು ಅಂತ ಕೇಳಿದೆ. ಅಪ್ಪ ತಟ್ಟನೆ ಅಂದರು, "ಅಲ್ಲೇ ಐತಲ್ರಿ. ದಿನಾ ಪ್ರೆಸ್ಸಿಗೆ ಹೋಗುವಾಗ ನೋಡತೀನಿ. ಮರಿ ಕಟಗೊಂಡು ಆರಾಮ ಅಡ್ಡಾಡತೈತಿ."

ಸಣ್ಯಾ ಅಪ್ಪನ ಮುಖ ನೋಡಿದ. "ಸತ್ತಿಲ್ಲೇನ?"

ಎರಡು ತಿಂಗಳು ಒಂದೇ ಮನೆಯಲ್ಲಿ ಇದ್ದ ಸುದ್ದಿ ಇದು. ಒಬ್ಬರಿಗೆ ಹೇಳಬೇಕು ಅನ್ನಿಸಿರಲಿಲ್ಲ, ಇನ್ನೊಬ್ಬನಿಗೆ ಕೇಳಲು ಧೈರ್ಯ ಇರಲಿಲ್ಲ. ಮನೆಯಲ್ಲಿ ಯಾರೂ ಅವನ ಮುಂದೆ ನಾಯಿ ಮಾತೇ ಎತ್ತುತ್ತಿರಲಿಲ್ಲ, ಹೆದರುತ್ತಾನೆ ಅಂತ.

ಗಂಟಲಿಗೆ ಒಂದು ಆಟ ಮಾಡಿದೆವು. ನೀರಿಲ್ಲದೆ, ಬರೀ ಉಗುಳನ್ನು ಒಂದರ ಹಿಂದೆ ಒಂದು ಐದು ಸಲ ಬೇಗ ಬೇಗ ನುಂಗಬೇಕು. ಮೊದಲು ಅಪ್ಪ. ಮೂರಕ್ಕೇ ಒದ್ದಾಡಿ, ನಾಲ್ಕನೆಯದಕ್ಕೆ ಕಣ್ಣು ಬಿಟ್ಟರು. ಅವ್ವನಿಗೂ ಆಗಲಿಲ್ಲ. ನನಗೂ ಆಗಲಿಲ್ಲ. ಸಣ್ಯಾ ನಗಲು ಶುರುಮಾಡಿದ. "ನಿಮಗೂ ನಾಯಿ ಕಡದೈತೇನ್ರಿ?" ಅಂದ. ನೂರು ಸಲ ಸಮಾಧಾನ ಹೇಳಿದ್ದರೂ ಇಷ್ಟು ಕೆಲಸ ಆಗುತ್ತಿರಲಿಲ್ಲ. ಆಮೇಲೆ ನಿಯಮ ಒಂದೇ: ನೀರು ಕುಡಿಯುವಾಗ ಕೈಯಲ್ಲಿ ಏನಾದರೂ ಇರಬೇಕು, ಗಂಟಲ ಮೇಲೆ ಬೆರಳು ಇಡುವಂತಿಲ್ಲ. ಸಾಲಿಯಲ್ಲಿ ಟೀಚರ್ ಇಡೀ ಕ್ಲಾಸಿಗೇ ನೀರು ಕುಡಿಯುವ ಹೊತ್ತು ಮಾಡಿದರು, ಇವನೊಬ್ಬನ ಮೇಲೆ ಎಲ್ಲರ ಕಣ್ಣು ಬೀಳದ ಹಾಗೆ. ಭೌ ಭೌ ಅಂತ ಛೇಡಿಸುತ್ತಿದ್ದ ಇಬ್ಬರನ್ನು ಗದರದೆ ಬೇರೆ ಬೆಂಚಿಗೆ ಹಾಕಿದರು. ಬಾಟಲಿ ಖಾಲಿ ಆಗಿ ಬರಲು ಬಹಳ ದಿನ ಬೇಕಾಗಲಿಲ್ಲ.

ಮಾಳಿಗೆಯಿಂದ ಓಣಿಗೆ

ನಾಯಿಯ ಕೆಲಸ ನಿಧಾನ. ಇದಕ್ಕೆ ದಾರಿ ತೋರಿಸಿದವರು ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್. 1924ರಲ್ಲಿ ಪೀಟರ್ ಅನ್ನುವ, ಮೂರು ವರ್ಷವೂ ತುಂಬದ ಹುಡುಗನ ಮೊಲದ ಭಯ ತೆಗೆದದ್ದನ್ನು ಬರೆದರು. ಹುಡುಗ ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಪಂಜರದಲ್ಲಿ ದೂರ ಇಡುವುದು, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತರುವುದು. ಹೆದರದ ಬೇರೆ ಮಕ್ಕಳೂ ಜೊತೆಗೆ ಇರುತ್ತಿದ್ದರು. ಅವಸರ ಮಾಡಿದರೆ ಮೊಲದ ಭಯ ತಿಂಡಿಗೇ ಅಂಟಿಕೊಳ್ಳಬಹುದು ಅಂತ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ವ್ಯಾಟ್ಸನ್‌ರ ಹೆಸರು ಎಲ್ಲರಿಗೂ ಗೊತ್ತು, ಇವರ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ಪೀಟರನಿಗೆ ತಿಂಡಿ, ನಮ್ಮವನಿಗೆ ಗಿರಮಿಟ್ಟು. ಸಂಜೆ ಮಾಳಿಗೆ ಮೇಲೆ ಅಪ್ಪನ ಜೊತೆ ಕೂತು ತಿನ್ನುತ್ತಾ ಕೆಳಗಿನ ಗಾಡಿ ನೋಡುವುದು. ಭಯ ಎಷ್ಟಿದೆ ಅಂತ ಬೆರಳು ಎತ್ತಿ ತೋರಿಸಬೇಕು, ಹತ್ತು ಬೆರಳು ಅಂದರೆ ತಡೆಯಲು ಆಗುವುದಿಲ್ಲ. ಮೊದಲ ದಿನ ಎಂಟು. ಮೂರಕ್ಕೆ ಇಳಿಯುವ ತನಕ ಅದೇ ಮೆಟ್ಟಿಲಲ್ಲಿ ಇರಬೇಕು. ಆಮೇಲೆ ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಓಣಿಯ ಆ ಬದಿಯಿಂದ ಹೋಗುವುದು. ಆಮೇಲೆ ಅಪ್ಪನ ಕೈ ಹಿಡಿದು ನಡೆಯುವುದು. ಆಮೇಲೆ ಕೈ ಬಿಟ್ಟು.

ಆಯಿಗೂ ಒಂದು ಕೆಲಸ ಕೊಟ್ಟೆ. ಮೊದಲೆಲ್ಲ ಅವರು ದಿನಾ ಸಂಜೆ ಉಳಿದ ರೊಟ್ಟಿಯನ್ನು ಓಣಿಯ ನಾಯಿಗಳಿಗೆ ಹಾಕುತ್ತಿದ್ದರಂತೆ, ಮೊಮ್ಮಗನಿಗೆ ಕಚ್ಚಿದ ಮೇಲೆ ನಿಲ್ಲಿಸಿದ್ದರು. ಮತ್ತೆ ಶುರುಮಾಡಿ, ಮರಿಗಳಿಂದ ದೂರ ನಿಂತು ಹಾಕಿ ಅಂದೆ. ಎಲ್ಲರೂ ಆಯಿಯ ಮೇಲೇ ತಪ್ಪು ಹೊರಿಸುತ್ತಿದ್ದ ಹೊತ್ತಿನಲ್ಲಿ ಇದು ಅವರಿಗೆ ಬೇಕಾಗಿತ್ತು ಅಂತ ಕಾಣುತ್ತದೆ. ಹದಿನಾಲ್ಕು ಸೂಜಿ ಅಂದ ಬಾಯಿಯೇ "ಬಾರಲೇ, ಏನ ಮಾಡಂಗಿಲ್ಲ ಅದು" ಅಂತ ಕರೆಯುವುದನ್ನು ಸಣ್ಯಾ ಮಾಳಿಗೆಯಿಂದ ಕೇಳಿದ.

ಬೀದಿನಾಯಿಯನ್ನು ಮುಟ್ಟುವುದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಮರಿ ಹಾಕಿದ ನಾಯಿಗೆ ಹೆದರುವುದು ಬುದ್ಧಿವಂತಿಕೆ, ಅದನ್ನು ತೆಗೆಯಬಾರದು. ಮರಿ ಇರುವಲ್ಲಿ ಕೈ ಹಾಕಬಾರದು, ನಾಯಿ ಗುರ್ ಅಂದರೆ ಓಡದೆ ನಿಲ್ಲಬೇಕು, ದಿಟ್ಟಿಸಿ ನೋಡದೆ ನಿಧಾನ ಹಿಂದೆ ಸರಿಯಬೇಕು — ಇದನ್ನೂ ಅಪ್ಪನ ಜೊತೆ ಆಡಿ ಆಡಿ ಕಲಿಸಿದೆವು.

ಬೆಳಗಿನ ಹೊಟ್ಟೆನೋವಿಗೆ ಗದರಿಕೆಯೂ ಇಲ್ಲ, ರಜೆಯೂ ಇಲ್ಲ. "ಹೊಟ್ಟಿ ನೋಯತೈತಿ ಅಂತ ಗೊತ್ತಾತು, ನಡಿ ಹೋಗೂಣು" ಅಷ್ಟೇ. ಮನೆಯಲ್ಲೇ ಉಳಿದರೆ ಮೊಬೈಲ್ ಇಲ್ಲ. ಮೊದಲ ಮೂರು ನಾಲ್ಕು ದಿನ ಅಳು ಹಿಂದಿಗಿಂತ ಜೋರಾಯಿತು. ಇದು ಹೀಗೇ ಆಗುತ್ತದೆ ಅಂತ ಮೊದಲೇ ಹೇಳಿದ್ದೆ. ಯಾವಾಗಲೂ ಫಲ ಕೊಡುತ್ತಿದ್ದ ನಡವಳಿಕೆ ತಟ್ಟನೆ ಫಲ ಕೊಡದೆ ಹೋದರೆ, ಬಿಡುವ ಮೊದಲು ಒಮ್ಮೆ ಏರುತ್ತದೆ. ಸುಮಾರು ಮನೆಗಳಲ್ಲಿ ಸೋಲುವುದು ಆ ಏರಿನಲ್ಲೇ. ಇಲ್ಲಿ ಅವ್ವ ಗಟ್ಟಿಯಾಗಿ ನಿಂತರು. ಸಾಲಿ ಪರೀಕ್ಷೆಗೆ ಹುಡುಗ ನಡೆದೇ ಹೋದ.

ಮುಂಡರಗಿ ಕಡೆಯ ಬೇಸಿಗೆ

ರಜೆಗೆ ಮುಂಡರಗಿ ತಾಲ್ಲೂಕಿನ ಅಜ್ಜನ ಊರಿಗೆ ಹೋದರು. ಬಸ್ಸಿಳಿದು ಹೊಲದ ಮನೆಗೆ ಹೋಗುತ್ತಿದ್ದ ಹಾಗೆ ಅಲ್ಲಿನ ಕಪ್ಪು ನಾಯಿ ಬೊಗಳಿತು. ಸಣ್ಯಾ ಅವ್ವನ ಸೊಂಟ ಹಿಡಿದು ಚೀರಿದ. ರಾತ್ರಿ ಮತ್ತೆ ಗಂಟಲ ಮೇಲೆ ಕೈ. ಅವ್ವ ಫೋನ್ ಮಾಡಿ, "ಎಲ್ಲಾ ಹಾಳಾತ್ರಿ" ಅಂದರು.

ಹಾಳಾಗಿರಲಿಲ್ಲ. ತಗ್ಗಿಸಿದ ಪ್ರತಿಕ್ರಿಯೆ ಸ್ವಲ್ಪ ಬಿಡುವಿನ ಮೇಲೆ ಮರಳಿ ಬರುವುದನ್ನು ಪಾವ್ಲೋವ್ ತಮ್ಮ ನಾಯಿಗಳಲ್ಲೇ ನೋಡಿದ್ದರು. ಹಳೇ ಕಲಿಕೆ ಅಳಿಸಿ ಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸದೊಂದು ಸೇರುತ್ತದೆ. ಹೊಸದು ಕಲಿತದ್ದು ಬೆಟಗೇರಿಯ ಓಣಿಯಲ್ಲಿ, ಕಂದು ನಾಯಿಯ ಮುಂದೆ. ಊರು ಬದಲಾಯಿತು, ನಾಯಿ ಬದಲಾಯಿತು, ಹಳೆಯದು ಮುಂದೆ ಬಂತು. ಮೆಟ್ಟಿಲನ್ನು ಮತ್ತೆ ಕೆಳಗಿನಿಂದ ಶುರುಮಾಡಿ, ಈ ಸಲ ಬೇಗ ಆಗುತ್ತದೆ ಅಂದೆ.

ಅಷ್ಟರಲ್ಲಿ ನನ್ನ ಯೋಜನೆಯಲ್ಲಿ ಇಲ್ಲದವಳೊಬ್ಬಳು ಕೆಲಸ ಶುರುಮಾಡಿದ್ದಳು. ಸೋದರಮಾವನ ಮಗಳು, ಆರು ವರ್ಷ. ಕರಿಯಾ ಅಂತ ಆ ನಾಯಿಯ ಹೆಸರು. ಇವಳು ಅದರ ಮುಂದೆ ರೊಟ್ಟಿ ಹಿಡಿದು ಕೂತು, ಕಿವಿ ತಿಕ್ಕಿ, ಬಾಲ ಎಳೆದು, ಮಾವನ ಹತ್ತಿರ ಬೈಸಿಕೊಂಡು, ಮತ್ತೆ ಅಲ್ಲೇ ಕೂರುತ್ತಿದ್ದಳು. ಸಣ್ಯಾ ಮೊದಲು ಕಟ್ಟೆ ಮೇಲಿಂದ ನೋಡಿದ. ನಾಲ್ಕೈದು ದಿನಕ್ಕೆ ಅವಳ ಹಿಂದೆ ನಿಂತ. ತನಗಿಂತ ಸಣ್ಣವಳು ಮಾಡುವುದನ್ನು ಎಷ್ಟು ದಿನ ನೋಡುತ್ತಾ ಕೂರಲು ಆಗುತ್ತದೆ?

ಮನಶ್ಶಾಸ್ತ್ರಜ್ಞ ಬಂಡೂರಾ ಮತ್ತು ಸಂಗಡಿಗರು 1967ರಲ್ಲಿ ನಾಯಿಗೆ ಹೆದರುವ ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ಮಾಡ ಹೊರಟಿದ್ದೂ ಇದನ್ನೇ. ಹೆದರದ ಒಬ್ಬ ಹುಡುಗ ದಿನದಿಂದ ದಿನಕ್ಕೆ ನಾಯಿಗೆ ಹತ್ತಿರವಾಗಿ ಆಡುವುದನ್ನು ತೋರಿಸಿದರು. ನೋಡಿದ ಮಕ್ಕಳ ಭಯ ಕಡಿಮೆ ಆಯಿತು, ತಿಂಗಳಾದ ಮೇಲೂ ಹಾಗೇ ಉಳಿದಿತ್ತು. ಬಂಡೂರಾ ಅಂದರೆ ಗೊಂಬೆಗೆ ಹೊಡೆಯುವ ಪ್ರಯೋಗ ಒಂದೇ ನಮಗೆ ನೆನಪಾಗುತ್ತದೆ. ಮಕ್ಕಳು ನೋಡಿ ಹೊಡೆಯುವುದನ್ನು ಕಲಿಯುತ್ತಾರೆ ಅನ್ನುವುದಕ್ಕಿಂತ, ನೋಡಿ ಹೆದರಿಕೆ ಬಿಡುತ್ತಾರೆ ಅನ್ನುವುದು ಪಾಲಕರಿಗೆ ಹೆಚ್ಚು ಉಪಯೋಗದ ಮಾತು. ಮಾವ ಪಕ್ಕದಲ್ಲಿ ನಿಂತಿದ್ದಾಗ ಸಣ್ಯಾ ಕರಿಯಾನ ಬೆನ್ನು ಒಂದು ಸಲ ಮುಟ್ಟಿದ. ಕರಿಯಾ ಮಾವನೇ ಸಾಕಿದ ನಾಯಿ, ಲಸಿಕೆ ಆಗಿರುವುದು, ಹಾಗಾಗಿ ನಾನೂ ಬೇಡ ಅನ್ನಲಿಲ್ಲ. ಅಜ್ಜನ ಹೊಲದ ತೊಟ್ಟಿಯಲ್ಲಿ ಇಳಿದು ನೀರಾಡಿದ್ದನ್ನು ಅವ್ವ ವಿಡಿಯೋ ಮಾಡಿ ಕಳಿಸಿದರು.

ಈಗ

ಜೂನ್‌ನಿಂದ ಮೂರನೇ ಕ್ಲಾಸು. ದಿನಾ ಹೋಗುತ್ತಿದ್ದಾನೆ. ಓಣಿಯಲ್ಲಿ ಎರಡು ಮೂರು ನಾಯಿ ಒಟ್ಟಿಗೆ ಇದ್ದರೆ ಯಾರಾದರೂ ದೊಡ್ಡವರು ಬರುವ ತನಕ ನಿಂತು, ಅವರ ಹಿಂದೆ ಹೋಗುತ್ತಾನೆ. ಇದನ್ನು ಬದಲಾಯಿಸುವ ಅಗತ್ಯ ನನಗೆ ಕಾಣುವುದಿಲ್ಲ. ಜ್ವರ ಬಂದಾಗ ಒಂದೆರಡು ಸಲ ಗಂಟಲು ಮುಟ್ಟಿ ನೋಡಿಕೊಂಡನಂತೆ, ಅವ್ವ ಕೈಗೆ ಒಂದು ಲಿಂಬೆಹಣ್ಣು ಕೊಟ್ಟರಂತೆ. ಅಪ್ಪ ಬೇಡ ಅಂದಿದ್ದಕ್ಕೂ ನಾಯಿ ಕಚ್ಚಿದ್ದಕ್ಕೂ ಸಂಬಂಧ ಇಲ್ಲ ಅನ್ನುವುದನ್ನು ಅವನು ಪೂರ್ತಿ ಒಪ್ಪಿದ್ದಾನೋ ಇಲ್ಲವೋ ಹೇಳಲಾರೆ. ಅಪ್ಪ ಮಾತ್ರ ಅವನಿಗೆ ನೇರವಾಗಿ ಹೇಳಿದ್ದಾರೆ: "ಚೆಂಡ ತರಾಕ ನಾ ಬಗ್ಗಿದ್ರ ನನಗೂ ಕಡೀತಿತ್ತು. ಅದಕ್ಕ ಅದರ ಮರಿ ಚಿಂತಿ, ನಿನ್ನ ಮ್ಯಾಲಿನ ಸಿಟ್ಟಲ್ಲ."

ಬಾಕಿ ಇರುವುದು ತಂಗಿ. ಅವಳಿಗೆ ನಾಯಿ ಕಚ್ಚಿಲ್ಲ, ಹತ್ತಿರವೂ ಬಂದಿಲ್ಲ. ಆದರೆ ಆ ಎರಡು ತಿಂಗಳು ಅಣ್ಣ ಚೀರುವುದನ್ನು ನೋಡಿದ್ದಾಳೆ, ಅದೇ ಪಡಸಾಲೆಯಲ್ಲಿ ಕೂತು ಅದೇ ಮಾತು ಕೇಳಿದ್ದಾಳೆ. ಈಗ ನಾಯಿ ಕಂಡರೆ ಅವಳು ಅಳುತ್ತಾಳೆ. ರಾಕ್ಮನ್ ಹೇಳಿದ ಉಳಿದೆರಡು ದಾರಿ. ನಾಲ್ಕು ವರ್ಷದವಳಿಗೆ ಕಾರ್ಡು ತೋರಿಸಿ, ಲೆಕ್ಕ ಹೇಳಿ ಏನೂ ಉಪಯೋಗ ಇಲ್ಲ. ಹಾಗಾಗಿ ಸಂಜೆ ರೊಟ್ಟಿ ಹಾಕುವಾಗ ಆಯಿ ಅವಳನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತಾರೆ, ಪಕ್ಕದಲ್ಲಿ ಸಣ್ಯಾ ನಿಂತಿರುತ್ತಾನೆ. ಸದ್ಯ ಹೊಸ್ತಿಲು ದಾಟುತ್ತಿಲ್ಲ. ಮುಂದಿನ ಸಲ ಅವಳನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.